ಗಾಜಿನ ಪೆಟ್ಟಿಗೆಯಿಂದ ಕೆರೆ ಏರಿಗೆ: ಸಕ್ಕರ್ ಮೀನು ನಡೆದು ಬಂದ ದಾರಿ



ಈ ಬೇಸಿಗೆಯಲ್ಲಿ ಕೆರೆ ನೀರು ಇಳಿದ ಮೇಲೆ ಬಲೆ ಹಾಕಿದವರು ನಾಲ್ಕೈದು ಜನ ನನಗೆ ಫೋಟೋ ಕಳಿಸಿದ್ದೀರಿ. ಎಲ್ಲದರಲ್ಲೂ ಒಂದೇ ಮೀನು. ಮೈಯೆಲ್ಲಾ ಮೊಸಳೆ ಚರ್ಮದಂಥ ಗಟ್ಟಿ ಚಿಪ್ಪು, ಚಿರತೆ ಮೈಮೇಲಿನಂಥ ಮಚ್ಚೆ, ಬೆನ್ನ ಮೇಲೆ ಬೀಸಣಿಗೆ ಥರ ಎದ್ದು ನಿಲ್ಲೋ ರೆಕ್ಕೆ, ತಲೆ ಅಡಿಯಲ್ಲಿ ಬಟ್ಟಲಿನಂಥ ಬಾಯಿ. ಒಬ್ಬರು "ಇದೇನಣ್ಣ, ಮೊಸಳೆ ಮರಿನಾ?" ಅಂತ ಕೇಳಿದ್ರು. ಇನ್ನೊಬ್ಬರು "ಮೇಲಿನ ಡ್ಯಾಮಿಂದ ಬಂದಿರಬೇಕು" ಅಂದ್ರು.

ಮೊಸಳೆ ಮರಿ ಅಲ್ಲ. ಇದು ಪೇಟೆಯ ಅಕ್ವೇರಿಯಂ ಅಂಗಡಿಗಳಲ್ಲಿ ಬೆರಳುದ್ದ ಮರಿಯಾಗಿ ಮಾರೋ ಸಕ್ಕರ್ ಮೀನು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತೆ ಅಂತ 'ಟ್ಯಾಂಕ್ ಕ್ಲೀನರ್' ಅಂತಲೂ ಕರೀತಾರೆ. ಮನೆ ಹಾಲ್‌ನಲ್ಲಿ ಇರಬೇಕಾದ ಮೀನು ಊರ ಕೆರೆಗೆ ಹೇಗೆ ಬಂತು, ಬಂದದ್ದರಿಂದ ನಮಗೇನು ಅನ್ನೋದಕ್ಕೆ ಒಂದು ಚರಿತ್ರೆ ಇದೆ. ಸ್ವಲ್ಪ ಉದ್ದ ಇದೆ, ಬಿಡುವಿದ್ದಾಗ ಓದಿ.

ಮೊದಲು ಅದರ ತವರು ನೋಡೋಣ. ಇದು ದಕ್ಷಿಣ ಅಮೆರಿಕದ ಮೀನು. ಅಮೆಜಾನ್, ಒರಿನೊಕೊ ನದಿಗಳ ಸೀಮೆ. ನಮ್ಮ ಚೇಳು ಮೀನು, ಬಾಳೆ ಮೀನು, ಗಿರ್ಲು ಇವೆಲ್ಲ ಇರೋ ಕ್ಯಾಟ್‌ಫಿಶ್ ಗುಂಪಿಗೇ ಸೇರಿದ್ದು. ಆದರೆ ನಮ್ಮವಕ್ಕೆ ಮೈ ನುಣುಪು, ಇದಕ್ಕೆ ಮೂಳೆಯ ಕವಚ. ಈ ಬಳಗದ ಒಂದು ಜಾತಿಗೆ 1828ರಲ್ಲಿ, ಇನ್ನೊಂದಕ್ಕೆ 1855ರಲ್ಲಿ ಯೂರೋಪಿನವರು ಶಾಸ್ತ್ರದ ಹೆಸರಿಟ್ಟರು. ಈಗ ಲೋಕದ ನಾನಾ ಕಡೆ ಕೆರೆ ನದಿಗಳಲ್ಲಿ ಸಿಗ್ತಿರೋ ಇನ್ನೊಂದು ಜಾತಿಗೆ ಹೆಸರು ಬಿದ್ದಿದ್ದು ತೀರಾ ಈಚೆಗೆ, 1991ರಲ್ಲಿ. ವಿಕಾಸವಾದದಲ್ಲಿ ಡಾರ್ವಿನ್ ಜೊತೆಗೆ ಹೆಸರು ಬರೋ ಆಲ್ಫ್ರೆಡ್ ವ್ಯಾಲೇಸ್ 1848ರಿಂದ 1852ರವರೆಗೆ ಅಮೆಜಾನ್ ಸೀಮೆಯಲ್ಲಿ ತಿರುಗಾಡಿದವನು. ವಾಪಸ್ ಹೋಗುವಾಗ ಅವನ ಹಡಗಿಗೆ ನಡುಸಮುದ್ರದಲ್ಲಿ ಬೆಂಕಿ ಬಿದ್ದು, ಕೂಡಿಟ್ಟಿದ್ದೆಲ್ಲ ಹೆಚ್ಚೂ ಕಮ್ಮಿ ಸುಟ್ಟುಹೋಯ್ತು. ಉಳಿದ ಸ್ವಲ್ಪದರಲ್ಲಿ ರಿಯೊ ನೀಗ್ರೊ ನದಿಯ ಮೀನುಗಳ ಚಿತ್ರಗಳಿದ್ದವು. ಈ ಚಿಪ್ಪು ಮೀನಿನ ಬಳಗದವೂ ಅದರಲ್ಲಿವೆ.

ಅಲ್ಲಿಯ ಜನಕ್ಕೆ ಇದು ಊಟದ ಮೀನು. ಬ್ರೆಜಿಲ್‌ನಲ್ಲಿ 'ಅಕಾರಿ', ಮನೌಸ್ ಪಟ್ಟಣದ ಕಡೆ 'ಬೊಡೊ' ಅಂತಾರೆ. ಚಿಪ್ಪಿನ ಸಮೇತ ಕೆಂಡದ ಮೇಲೆ ಸುಟ್ಟು ಒಳಗಿನ ಮಾಂಸ ತಿಂತಾರೆ. ಅಲ್ಲಿ ನೀರುನಾಯಿ, ಕೇಮನ್ ಅನ್ನೋ ಮೊಸಳೆ, ಆಳೆತ್ತರದ ದೊಡ್ಡ ಕ್ಯಾಟ್‌ಫಿಶ್ ಎಲ್ಲ ಇದನ್ನ ಹಿಡಿದು ತಿನ್ನುತ್ತವೆ. ಹಾಗಾಗಿ ಅದು ಒಂದು ಲೆಕ್ಕದಲ್ಲಿ ಇರುತ್ತೆ.

ಈ ಮೀನಿನ ಗುಣ ಎಲ್ಲಾ ಆ ನದಿ ಕಲಿಸಿದ್ದು. ಮನೌಸ್ ಹತ್ತಿರ ನೀರು ವರ್ಷಕ್ಕೊಮ್ಮೆ ಸುಮಾರು 10 ಮೀಟರ್ ಏರಿ ಇಳಿಯುತ್ತೆ. ಮಳೆಗಾಲದಲ್ಲಿ ಕಾಡೇ ಮುಳುಗುತ್ತೆ, ನೀರಿಳಿದಾಗ ಅಲ್ಲಲ್ಲಿ ಕೆಸರಿನ ಗುಂಡಿ ಉಳಿಯುತ್ತೆ. ಅಂಥಾ ಗುಂಡಿಯ ನೀರಲ್ಲಿ ಉಸಿರಾಡೋ ಗಾಳಿ ಕಮ್ಮಿಯಾದಾಗ ಈ ಮೀನು ಮೇಲೆ ಬಂದು ಬಾಯಲ್ಲಿ ಗಾಳಿ ನುಂಗುತ್ತೆ. ಅದರ ಹೊಟ್ಟೆಯೇ ಶ್ವಾಸಕೋಶದ ಕೆಲಸ ಮಾಡುತ್ತೆ. ನೀರಿಂದ ಹೊರಗೆ ಹಾಕಿದರೂ ಮೈ ತೇವ ಇದ್ದರೆ ಗಂಟೆಗಟ್ಟಲೆ ಬದುಕಿರುತ್ತೆ. ಗಂಡು ಮೀನು ಮಣ್ಣಿನ ದಡದಲ್ಲಿ ಬಿಲ ತೋಡುತ್ತೆ, ಹೆಣ್ಣು ಅದರೊಳಗೆ ನೂರುಗಟ್ಟಲೆ ಮೊಟ್ಟೆ ಇಡುತ್ತೆ, ಮರಿಯಾಗೋ ತನಕ ಗಂಡೇ ಕಾವಲು. ಹಗಲೆಲ್ಲ ಬಿಲದಲ್ಲೋ ಮರದ ಬೊಡ್ಡೆ ಸಂದಿಯಲ್ಲೋ ಬಿದ್ದಿರುತ್ತೆ, ಕತ್ತಲಾದ ಮೇಲೆ ಮೇವಿಗೆ ಹೊರಡುತ್ತೆ. ಕಣ್ಣನ್ನ ಹತ್ತಿರದಿಂದ ನೋಡಿ. ಬೆಳಕಲ್ಲಿ ಪಾಪೆ ಮೇಲೆ ಒಂದು ಸಣ್ಣ ಪರದೆ ಇಳಿದ ಹಾಗೆ ಕಾಣುತ್ತೆ, ಕತ್ತಲಲ್ಲಿ ಅದು ಸರಿದು ಕಣ್ಣು ಅಗಲ ಆಗುತ್ತೆ. ರಾತ್ರಿ ಪಾಳಿಗೇ ಹುಟ್ಟಿದ ಜೀವ.

ಈಗ ಗಾಜಿನ ಪೆಟ್ಟಿಗೆ ಕಡೆ ಬರೋಣ. ಲಂಡನ್‌ನ ರಾಬರ್ಟ್ ವಾರಿಂಗ್‌ಟನ್ ಅನ್ನೋ ರಸಾಯನಶಾಸ್ತ್ರಜ್ಞ 1849-50ರಲ್ಲಿ ಒಂದು ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಮತ್ತು ನೀರುಗಿಡ ಇಟ್ಟು, ನೀರು ಬದಲಾಯಿಸದೆ ಎಷ್ಟು ದಿನ ಬದುಕ್ತವೆ ಅಂತ ನೋಡಿದ. ಸ್ವಲ್ಪ ದಿನಕ್ಕೆ ಗಿಡದ ಎಲೆ ಕೊಳೆತು ನೀರು ಪಾಚಿ ಕಟ್ಟಿತು. ಆಗ ಅವನು ಕೊಳದ ಬಸವನಹುಳ ತಂದು ಬಿಟ್ಟ. ಅವು ಕೊಳೆತದ್ದನ್ನ ತಿಂದು ನೀರು ತಿಳಿಯಾಯ್ತು. ಗಿಡ, ಮೀನು, ಕಸ ತಿನ್ನೋ ಜೀವ, ಮೂರೂ ಸೇರಿದರೆ ಪೆಟ್ಟಿಗೆ ತಾನಾಗಿ ನಡೆಯುತ್ತೆ ಅನ್ನೋ ಲೆಕ್ಕ ಅಲ್ಲಿಂದ ಗಟ್ಟಿಯಾಯ್ತು. ಗಾಜಿನ ಪೆಟ್ಟಿಗೆಯ 'ಕ್ಲೀನರ್' ಕಲ್ಪನೆಗೆ ಅಷ್ಟು ವಯಸ್ಸಾಗಿದೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನುಮನೆ ತೆರೆದರು. ಮರುವರ್ಷ ಫಿಲಿಪ್ ಗಾಸ್ ಅನ್ನೋನು ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದ. ಆಮೇಲೆ ಇಂಗ್ಲೆಂಡಿನ ಅನುಕೂಲಸ್ಥರ ಮನೆಮನೆಗೂ ಅದೊಂದು ಹುಚ್ಚಾಯಿತು.

ಆದರೆ ಬಿಸಿ ದೇಶದ ಮೀನು ದೂರದ ಊರಿಗೆ ಸಲೀಸಾಗಿ ಹೋಗೋಕೆ ಇನ್ನೂ ನೂರು ವರ್ಷ ಬೇಕಾಯ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಮಾನ ಸಾಗಾಣಿಕೆ ಬಂತು, ಪ್ಲಾಸ್ಟಿಕ್ ಚೀಲ ಬಂತು. ನೀರು ತುಂಬಿ, ಆಮ್ಲಜನಕ ಹೊಡೆದು, ಬಾಯಿ ಕಟ್ಟಿದರೆ ಮೀನು ಖಂಡ ದಾಟುತ್ತಿತ್ತು. ನಮ್ಮ ದೇಶದಲ್ಲಿ ಮುಂಬಯಿಯ ತಾರಾಪೋರವಾಲಾ ಅಕ್ವೇರಿಯಂ 1951ರಲ್ಲಿ ಶುರುವಾಯ್ತು. ಬೆಂಗಳೂರಿನ ಕಬ್ಬನ್ ಪಾರ್ಕ್ ಪಕ್ಕದ ಸರ್ಕಾರಿ ಮತ್ಸ್ಯಾಲಯ 1983ರದ್ದು. ಊರಿಂದ ಬಸ್ಸಲ್ಲಿ ಹೋಗಿ ಅದನ್ನ ನೋಡಿಕೊಂಡು ಬಂದ ನೆನಪು ನಮ್ಮ ವಯಸ್ಸಿನ ಸುಮಾರು ಜನಕ್ಕೆ ಇರುತ್ತೆ. ನೋಡೋ ಆಸೆ ಸಾಕೋ ಆಸೆಯಾಗಿ, ಚೆನ್ನೈನ ಕೊಳತ್ತೂರಿನಂಥ ಕಡೆ ಬಣ್ಣದ ಮೀನಿನ ದೊಡ್ಡ ವ್ಯಾಪಾರ ಬೆಳೆದು, ಈಗ ತಾಲ್ಲೂಕು ಕೇಂದ್ರದಲ್ಲೂ ಒಂದೆರಡು ಅಂಗಡಿ ಇವೆ.

ಸಕ್ಕರ್ ಮೀನು ಆ ಅಂಗಡಿಗೆ ಹೇಳಿ ಮಾಡಿಸಿದ್ದು. ಚೀಲದಲ್ಲಿ ಸಾಯಲ್ಲ, ಕೊಳಕು ನೀರಲ್ಲಿ ಸಾಯಲ್ಲ, ಮೇವು ಮರೆತರೂ ಬೇಗ ಸಾಯಲ್ಲ. "ಇದೊಂದು ಬಿಡಿ, ಗಾಜು ತಾನೇ ಕ್ಲೀನ್ ಆಗುತ್ತೆ" ಅಂದರೆ ಮಾತು ಮುಗೀತು.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಮಾತು ಒಂದಿಷ್ಟಿದೆ. ಈ ಮೀನು ಒಂದೂವರೆ ಅಡಿವರೆಗೂ ಬೆಳೆಯುತ್ತೆ, ಹತ್ತು ವರ್ಷಕ್ಕೂ ಮೀರಿ ಬದುಕುತ್ತೆ. ಎರಡಡಿ ಪೆಟ್ಟಿಗೆಯಲ್ಲಿ ಅದಕ್ಕೆ ತಿರುಗೋಕೂ ಜಾಗ ಸಾಲದು. ಗಾಜಿನ ಮೇಲಿನ ಪಾಚಿಯಿಂದ ಅದರ ಹೊಟ್ಟೆ ತುಂಬಲ್ಲ. ಸಂಜೆ ಲೈಟ್ ಆರಿಸಿದ ಮೇಲೆ ತಳಕ್ಕೆ ಮುಳುಗೋ ಮೇವು, ಸೌತೆಕಾಯಿ ಹೋಳು, ಕೆರೆಯೋಕೆ ಒಂದು ಮರದ ತುಂಡು, ಹಗಲು ಅಡಗೋಕೆ ಕತ್ತಲೆ ಜಾಗ ಕೊಡಬೇಕು. ಎಷ್ಟೋ ಮನೆಯಲ್ಲಿ ಹಗಲು ಹೊತ್ತು ಎಲ್ಲರಿಗೂ ಕಾಣೋ ಹಾಗೆ ಮೇವು ಹಾಕ್ತಾರೆ. ಮಿಕ್ಕ ಮೀನು ತಿಂದು ಮುಗಿಸುತ್ತವೆ, ಇದು ಉಪವಾಸ. ತಿಂದಷ್ಟೂ ಹಿಕ್ಕೆ ಹಾಕೋ ಮೀನು ಬೇರೆ, ಕ್ಲೀನರ್ ಅಂತ ತಂದದ್ದೇ ಪೆಟ್ಟಿಗೆ ಗಲೀಜು ಮಾಡುತ್ತೆ. ಒಂದೆರಡು ವರ್ಷಕ್ಕೆ ಮನೆಯವರಿಗೆ ಸಾಕಾಗುತ್ತೆ. ಕೊಲ್ಲೋಕೆ ಮನಸ್ಸು ಬರಲ್ಲ. "ಪಾಪ, ಜೀವ ಇರೋದು, ಕೆರೆಗೆ ಬಿಟ್ಟುಬಿಡೋಣ, ಪುಣ್ಯ ಬರುತ್ತೆ" ಅಂತ ಬಕೆಟ್‌ನಲ್ಲಿ ಹಾಕಿಕೊಂಡು ಹೊರಡ್ತಾರೆ. ಕೆರೆ ಆಗಬಹುದು, ದೇವಸ್ಥಾನದ ಕಲ್ಯಾಣಿ ಆಗಬಹುದು, ರಸ್ತೆ ಬದಿ ಕಾಲುವೆ ಆಗಬಹುದು.

ಇಂಗ್ಲೆಂಡಿನಲ್ಲಿ ಹೀಗೆ ಬಿಟ್ಟರೆ ಚಳಿಗಾಲ ದಾಟೋದು ಅದಕ್ಕೆ ಕಷ್ಟ. ಅಲ್ಲಿ ಚಳಿಯೇ ಕಾವಲುಗಾರ. ನಮ್ಮ ಕೆರೆ ನೀರು ವರ್ಷವಿಡೀ ಬೆಚ್ಚಗೆ, ಅದರ ತವರಿನ ಹಾಗೇ. ಇನ್ನೊಂದು ವಿಷಯ. ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಈ ಮೀನು ಮರಿ ಮಾಡೋದು ಅಪರೂಪ, ಯಾಕಂದ್ರೆ ತೋಡೋಕೆ ಮಣ್ಣಿನ ದಡ ಇಲ್ಲ. ಫ್ಲಾರಿಡಾದಲ್ಲೂ ಆಗ್ನೇಯ ಏಷ್ಯಾದಲ್ಲೂ ವ್ಯಾಪಾರಕ್ಕೆ ಮರಿ ಮಾಡಿಸೋರು ಮಣ್ಣಿನ ಹೊಂಡದಲ್ಲೇ ಮಾಡಿಸ್ತಾರೆ. ಮಣ್ಣಿನ ಹೊಂಡ ಅಂದರೆ ನಮ್ಮ ಕೆರೆಯೂ ಅದೇ ತಾನೇ?

ಬೇರೆ ಕಡೆ ಆದದ್ದು ನೋಡಿದರೆ ನಮ್ಮ ಮುಂದಿನ ದಾರಿ ಕಾಣುತ್ತೆ. ಅಮೆರಿಕದ ಫ್ಲಾರಿಡಾದಲ್ಲಿ ಈ ಬಳಗದ ಮೀನು 1950ರ ದಶಕದಲ್ಲೇ ಹೊರಗಿನ ನೀರಲ್ಲಿ ನೆಲೆಯಾಗಿತ್ತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನದಿಯಲ್ಲಿ 1960ರ ದಶಕದ ಹೊತ್ತಿಗೆ ಸಿಗೋಕೆ ಶುರುವಾಯ್ತು. ಫ್ಲಾರಿಡಾದಲ್ಲಿ ಕಡಿದಾದ ಮಣ್ಣಿನ ದಡಗಳಲ್ಲಿ ಸಾಲುಸಾಲು ಬಿಲ, ಒಂದೊಂದು ಮೊಳಕೈಯಿಂದ ಮಾರುದ್ದದ ತನಕ. ನೀರಿಳಿದಾಗ ದಡ ಜೇನುಗೂಡಿನ ಹಾಗೆ ಕಾಣುತ್ತೆ, ಮಣ್ಣು ಜರಿಯುತ್ತೆ. ಅಲ್ಲಿಯ ಬುಗ್ಗೆಗಳಲ್ಲಿ ಮ್ಯಾನಟಿ ಅಂತ ಒಂದು ದೊಡ್ಡ ಸಾಧು ಜಲಪ್ರಾಣಿ ಇದೆ. ಅದರ ಬೆನ್ನ ಮೇಲೆ ಈ ಮೀನು ಗುಂಪುಗುಂಪಾಗಿ ಅಂಟಿಕೊಂಡು ಪಾಚಿ ಕೆರೆಯೋದನ್ನೂ ವಿಜ್ಞಾನಿಗಳು ದಾಖಲಿಸಿದ್ದಾರೆ.

ನಮಗೆ ಹತ್ತಿರದ ಪಾಠ ಮೆಕ್ಸಿಕೊದ್ದು. ಅಲ್ಲಿ ಇನ್ಫೆರ್ನಿಯೊ ಅಂತ ದೊಡ್ಡ ಅಣೆಕಟ್ಟೆ ಜಲಾಶಯ. ಜಿಲೇಬಿ ಮೀನಿನ ಹಿಡುವಳಿಗೆ ಹೆಸರಾದ ಜಾಗ, ಅದನ್ನೇ ನಂಬಿದ ಸಾವಿರಾರು ಕುಟುಂಬ. 1990ರ ದಶಕದಲ್ಲಿ ಆ ನದಿ ಸೀಮೆಯಲ್ಲಿ ಸಕ್ಕರ್ ಮೀನು ಕಾಣಿಸಿಕೊಂಡಿತು. ಆಮೇಲೆ ಕೆಲವೇ ವರ್ಷಕ್ಕೆ ಬಲೆ ಎಳೆದರೆ ಬರೋದರಲ್ಲಿ ಹೆಚ್ಚಿನ ಪಾಲು ಇದೇ ಆಯ್ತು. ರೆಕ್ಕೆಯ ಮುಳ್ಳಿಗೆ ಸಿಕ್ಕಿ ಬಲೆ ಹರಿಯೋದು, ಬಿಡಿಸೋಕೆ ಹೋದರೆ ಕೈ ಕೊಯ್ಯೋದು, ಮಾರೋಕೆ ಹೋದರೆ ಕೊಳ್ಳೋರಿಲ್ಲ. ಅಲ್ಲಿಯ ಬೆಸ್ತರು ಇಟ್ಟ ಹೆಸರು 'ಪೆಸ್ ದಿಯಾಬ್ಲೊ', ಅಂದರೆ ದೆವ್ವದ ಮೀನು. ನಮ್ಮ ಪಕ್ಕದ ಆಂಧ್ರದಲ್ಲಿ ಬಲೆ ಹರಿಸಿಕೊಂಡವರೂ 'ದೆಯ್ಯಂ ಚೇಪ' ಅಂತಲೇ ಕರೀತಾರೆ. ಅರ್ಥ ಒಂದೇ. ಎಲ್ಲಿಯ ಮೆಕ್ಸಿಕೊ, ಎಲ್ಲಿಯ ಆಂಧ್ರ! ಕೇರಳದ ಕಾಲುವೆ, ತಮಿಳುನಾಡಿನ ಕೆರೆ, ಕೋಲ್ಕತ್ತದ ಜೌಗು, ಬಿಹಾರದ ಗಂಗೆ, ಎಲ್ಲಾ ಕಡೆಯಿಂದ ಈ ಮೀನಿನ ವರದಿ ಇದೆ. ಬಾಂಗ್ಲಾದೇಶ 2023ರಲ್ಲಿ ಇದನ್ನ ನಿಷೇಧಿಸಿತು.

ಹೊರಗಿನ ಮೀನು ನಮ್ಮ ನೀರಿಗೆ ಬಂದದ್ದು ಇದೇ ಮೊದಲೇನಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ ಗ್ಯಾಂಬೂಸಿಯಾ ಮೀನನ್ನ 1928ರಲ್ಲಿ ಇಟಲಿಯಿಂದ ತಂದರು. ಬಡವರಿಗೆ ಆಹಾರ ಆಗಲಿ ಅಂತ ಆಫ್ರಿಕಾ ಮೂಲದ ಜಿಲೇಬಿ ಮೀನು 1952ರಲ್ಲಿ ಬಂತು. ಅವೆರಡೂ ಸರ್ಕಾರಕ್ಕೆ ಗೊತ್ತಿದ್ದು ಬಂದವು. ಆಮೇಲೆ ಬೇಗ ಬೆಳೆದು ದುಡ್ಡು ಕೊಡುತ್ತೆ ಅಂತ ಆಫ್ರಿಕನ್ ಕ್ಯಾಟ್‌ಫಿಶ್ ಕಳ್ಳದಾರಿಯಲ್ಲಿ ಬಂತು. ಕೇಂದ್ರ ಸರ್ಕಾರ 2000ದಲ್ಲಿ ಅದರ ಸಾಕಣೆ ನಿಷೇಧ ಮಾಡಿತು. ಆದರೂ ಕದ್ದುಮುಚ್ಚಿ ಸಾಕೋರು ಇದ್ದೇ ಇದ್ದಾರೆ, ನಿಮಗೆ ಹೇಳಬೇಕಾಗಿಲ್ಲ. ಅದು ಬಂದದ್ದು ಲಾಭದ ಆಸೆಗೆ. ಸಕ್ಕರ್ ಮೀನನ್ನ ಕೆರೆಗೆ ತಂದದ್ದು ಯಾವ ಇಲಾಖೆಯೂ ಅಲ್ಲ, ಲಾಭದ ಆಸೆಯೂ ಅಲ್ಲ. ಬೇಡವಾದದ್ದನ್ನ ಕೊಲ್ಲಲಾರದ ಮನೆಯವರ ಕನಿಕರ, ಒಂದೊಂದು ಬಕೆಟ್ ಆಗಿ ತಂದು ಸುರಿದದ್ದು. ಅದಕ್ಕೇ ಇದನ್ನ ತಡೆಯೋದು ಬರೀ ಕಾಯ್ದೆಯಿಂದ ಆಗೋ ಕೆಲಸ ಅಲ್ಲ ಅಂತ ನನ್ನ ಅನಿಸಿಕೆ.

"ಇರಲಿ ಬಿಡಿ, ಒಂದು ಮೀನು ತಾನೇ" ಅನ್ನೋರಿಗೆ ಕೆರೆ ಏರಿ ವಿಷಯ ಹೇಳಬೇಕು.

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆ ಇವೆ ಅಂತ ಲೆಕ್ಕ. ಬಹುಪಾಲು ಮಣ್ಣಿನ ಏರಿಯವು. ಈ ಏರಿಗಳನ್ನ ನೂರಾರು ವರ್ಷ ಉಳಿಸಿದ್ದು ಸಿಮೆಂಟಲ್ಲ, ನೋಡಿಕೊಳ್ಳೋ ಪದ್ಧತಿ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಕೆರೆ ಶಾಸನ ಇದೆ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಹಾಕಿಸಿದ್ದು. ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರೋ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತೆ. ಆ ದೋಷಗಳಲ್ಲಿ ಒಂದು ಏರಿಯಿಂದ ನೀರು ಜಿನುಗೋದು. ನಮ್ಮ ಕಡೆ ಏರಿ ರಿಪೇರಿ ನೋಡಿಕೊಳ್ಳೋರಿಗೆ ಕಟ್ಟುಕೊಡಗಿ ಅಂತ ಜಮೀನು ಬಿಟ್ಟುಕೊಡುತ್ತಿದ್ದರು. ನೀರುಗಂಟಿ ಏರಿ ಮೇಲೆ ನಡೆದು ಏಡಿ ಬಿಲ, ಹೆಗ್ಗಣದ ಬಿಲ ಎಲ್ಲಿದೆ ಅಂತ ನೋಡುತ್ತಿದ್ದ. ಬಿಲ ಕಂಡರೆ ಮಣ್ಣು ತುಂಬಿ ಗುದ್ದೋದು. ಬೆರಳು ತೂರೋ ತೂತು ಮಳೆಗಾಲದಲ್ಲಿ ಎತ್ತಿನಗಾಡಿ ಹೋಗೋ ಬಾಯಾಗುತ್ತೆ ಅಂತ ಅವನಿಗೆ ಗೊತ್ತಿತ್ತು.

ಸಕ್ಕರ್ ಮೀನಿನ ಬಿಲ ಏಡಿ ಬಿಲಕ್ಕಿಂತ ಅಗಲ, ಉದ್ದ. ಅದನ್ನ ತೋಡೋದು ನೀರಿನ ಒಳಗೆ, ಹಾಗಾಗಿ ಕೆರೆ ತುಂಬಿದ್ದಾಗ ಏರಿ ಮೇಲೆ ನಡೆಯೋರ ಕಣ್ಣಿಗೆ ಬೀಳಲ್ಲ. ಒಳಮೈಗೆ ಕಲ್ಲು ಕಟ್ಟಡ ಗಟ್ಟಿಯಾಗಿರೋ ಏರಿಗೆ ಅದು ಸುಲಭಕ್ಕೆ ಬಾಯಿ ಹಾಕಲಾರದು. ಕಲ್ಲು ಜಾರಿ ಮಣ್ಣು ಬಯಲಾಗಿರೋ ಕಡೆ, ಕಾಲುವೆ ದಡ, ಶೀಟ್ ಹಾಕದ ಕೃಷಿಹೊಂಡ, ಇವೇ ಅದಕ್ಕೆ ಬೇಕಾದ ಜಾಗ. ಮೊದಲೆಲ್ಲ ಬೇಸಿಗೆಯಲ್ಲಿ ಕೆರೆ ಬತ್ತಿದರೆ ಬೇಡದ ಮೀನು ತಾನಾಗಿ ಹೋಗುತ್ತಿತ್ತು. ಇದು ತೇವ ಇರೋ ಬಿಲದೊಳಗೆ ತಡೆದುಕೊಳ್ಳುತ್ತೆ. ಸಾಲದ್ದಕ್ಕೆ ನಮ್ಮ ಕೆರೆಗಳು ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಮೇಲೆ ಒಬ್ಬರು ಬಿಟ್ಟ ಮೀನು ಒಂದು ಒಳ್ಳೆ ಮಳೆಗೆ ಕೆಳಗಿನ ಅಷ್ಟೂ ಊರಿನ ಪಾಲು.

ಕೆರೆ ಹರಾಜು ಹಿಡಿದು ಕಾಟ್ಲಾ, ರೋಹು ಮರಿ ಬಿಟ್ಟವರಿಗೆ ಇನ್ನೊಂದು ಪೆಟ್ಟು. ತಳದ ಪಾಚಿ ಗೋಡು ಇದು ತಿಂದರೆ ಮೃಗಾಲ್‌ನಂಥ ತಳದ ಮೀನಿಗೆ ಮೇವು ಕಮ್ಮಿ. ಬಲೆ ಹರಿದ ಖರ್ಚು ಬೇರೆ.

ಹಾಗಾದರೆ ಏನು ಮಾಡೋದು? ನಮ್ಮ ಕೈಲಾಗೋದು ಇಷ್ಟು.

ಬಲೆಗೆ ಸಿಕ್ಕರೆ ವಾಪಸ್ ನೀರಿಗೆ ಎಸೀಬೇಡಿ. ಏರಿ ಮೇಲೆ ಎಸೆದು ಹೋದರೂ ಸಾಲದು, ಗಂಟೆಗಟ್ಟಲೆ ಬದುಕಿರೋ ಮೀನು ಜಾರಿ ನೀರು ಸೇರಬಹುದು. ತಲೆಗೆ ಒಂದೇ ಪೆಟ್ಟು ಕೊಟ್ಟು ಕೊಂದು, ತೆಂಗಿನ ಬುಡಕ್ಕೋ ತಿಪ್ಪೆಗೋ ಆಳವಾಗಿ ಹೂಳಿ. ಗೊಬ್ಬರ ಆಗುತ್ತೆ. ಹಿಡಿಯುವಾಗ ಕೈಗೆ ಗೋಣಿ ಸುತ್ತಿಕೊಳ್ಳಿ.

ಆದರೆ ಗುರುತು ತಪ್ಪಬೇಡಿ. ನಮ್ಮ ಹಳ್ಳಗಳಲ್ಲಿ ಕಲ್ಲಿಗೆ ಅಂಟಿಕೊಳ್ಳೋ ಸಣ್ಣ ನಾಡಮೀನುಗಳಿವೆ. ಅವಕ್ಕೆ ಇಂಥಾ ಮೂಳೆ ಚಿಪ್ಪಿಲ್ಲ, ಬೀಸಣಿಗೆ ರೆಕ್ಕೆ ಇಲ್ಲ. ಅವನ್ನ ಬಿಟ್ಟುಬಿಡಿ. ಕೊರವ, ಬಾಳೆ ಮೀನಿನಂಥ ಬೇಟೆ ಮೀನು ಕೆರೆಯಲ್ಲಿದ್ದರೆ ಉಳಿಸಿಕೊಳ್ಳಿ, ಮರಿಗಳನ್ನಾದರೂ ಅವು ತಿಂದಾವು.

ಬೇಸಿಗೆಯಲ್ಲಿ ನೀರು ಇಳಿದಾಗ ನಾಲ್ಕು ಜನ ಸೇರಿ ಏರಿಯ ಒಳಮೈ ಒಂದು ಸುತ್ತು ನೋಡಿ. ಮೊದಲು ನೀರುಗಂಟಿ ಮಾಡುತ್ತಿದ್ದ ಕೆಲಸ ಇದು, ಈಗ ಹೆಚ್ಚಿನ ಊರಲ್ಲಿ ಯಾರ ಕೆಲಸವೂ ಅಲ್ಲ. ಮುಷ್ಟಿ ಹೋಗೋ ಅಳತೆಯ ಬಿಲ ಒಂದರ ಪಕ್ಕ ಒಂದಿದ್ದರೆ ಫೋಟೋ ತೆಗೆದು ಪಂಚಾಯಿತಿಗೂ ಮೀನುಗಾರಿಕೆ ಇಲಾಖೆಗೂ ಕೊಡಿ, ಮಳೆಗೆ ಮುಂಚೆ ಮಣ್ಣು ತುಂಬಿ ಗುದ್ದಿಸಿ.

ಇನ್ನು ಪೇಟೆಯಲ್ಲಿರೋ ಮಕ್ಕಳು, ನೆಂಟರು ಅಕ್ವೇರಿಯಂ ಇಟ್ಟಿದ್ದರೆ ಅವರಿಗೆ ಸಮಾಧಾನವಾಗಿ ಹೇಳಿ. ಸಾಕೋದು ತಪ್ಪಲ್ಲ. ದೊಡ್ಡ ತೊಟ್ಟಿ ಇದ್ದು, ರಾತ್ರಿ ಮೇವು ಹಾಕಿ, ಹತ್ತು ವರ್ಷ ನೋಡಿಕೊಳ್ಳೋ ತಾಳ್ಮೆ ಇದ್ದರೆ ಸಾಕಲಿ. ಅದು ಚೆಂದದ ಜೀವವೇ. ಸಾಕಾದರೆ ಅಂಗಡಿಗೆ ವಾಪಸ್ ಕೊಡಲಿ, ಇನ್ನೊಬ್ಬ ಸಾಕೋರಿಗೆ ಕೊಡಲಿ. ಊರಿಗೆ ಬರುವಾಗ ಬಕೆಟ್‌ನಲ್ಲಿ ಮಾತ್ರ ತರೋದು ಬೇಡ. ಕೆರೆಗೆ ಬಿಟ್ಟರೆ ಪುಣ್ಯ ಅನ್ನೋರಿಗೆ ನಾನು ಹೇಳೋದು ಒಂದೇ ಮಾತು: ನಮ್ಮ ಹಿರಿಯರು ಪುಣ್ಯ ಅಂತ ಕೆರೆ ಕಟ್ಟಿಸಿದರು, ಆ ಏರಿ ತೂತು ಮಾಡೋದು ಪುಣ್ಯದ ಲೆಕ್ಕಕ್ಕೆ ಬರಲ್ಲ.

ನಿಮ್ಮೂರ ಕೆರೆಯಲ್ಲಿ ಈ ಮೀನು ಸಿಕ್ಕಿದ್ದರೆ ಯಾವ ಕೆರೆ, ಯಾವ ತಿಂಗಳು, ಎಷ್ಟುದ್ದ ಇತ್ತು ಅಂತ ಕೆಳಗೆ ಬರೀರಿ. ಹತ್ತಿರದ ಊರುಗಳದ್ದೆಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಇಲಾಖೆಗೆ ಕೊಡೋಣ.